ಪಂದ್ಯದ ಪಾರಿವಾಳ ಮತ್ತು ಹಕ್ಕಿಜ್ವರ: ಗೂಡಿಗೆ ರೋಗ ಬರುವ ದಾರಿಗಳು

[ದೃಶ್ಯ: ದಾವಣಗೆರೆಯ ಹಳೇ ಊರಿನ ಒಂದು ತಾರಸಿ. ತಗಡಿನ ಮಾಡಿನ ಪಾರಿವಾಳದ ಗೂಡು, ಅದರ ಪಕ್ಕದಲ್ಲಿ ನೀರಿನ ಟ್ಯಾಂಕು.]

ನಮಸ್ಕಾರ. 2020ರ ಮಾರ್ಚ್ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡು ಗ್ರಾಮದ ಕೋಳಿಗಳಲ್ಲಿ ಹಕ್ಕಿಜ್ವರ ದೃಢಪಟ್ಟಿತು. ಅದೇ ದಿನಗಳಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲೂ ರೋಗ ಕಾಣಿಸಿಕೊಂಡಿತ್ತು. ಕೊರೊನಾ ಸುದ್ದಿಯ ಅಬ್ಬರದಲ್ಲಿ ಈ ಸಂಗತಿ ಬಹಳ ಜನರ ಮನಸ್ಸಿನಲ್ಲಿ ಉಳಿಯಲೇ ಇಲ್ಲ. ಆದರೆ ಹರಿಹರದಿಂದ ದಾವಣಗೆರೆಗೆ ಪಳಗಿದ ಹೋಮರ್, ಅಂದರೆ ದೂರದಲ್ಲಿ ಬಿಟ್ಟರೂ ತನ್ನ ಗೂಡಿಗೇ ಮರಳುವ ಪಂದ್ಯದ ಪಾರಿವಾಳಕ್ಕೆ ಕಾಲು ಗಂಟೆಯ ಹಾರಾಟ ಸಾಕು ಎಂಬುದನ್ನು ಬಲ್ಲವರು ಇದನ್ನು ಕೋಳಿ ಸಾಕುವವರ ತಾಪತ್ರಯವೆಂದು ತಳ್ಳಿಹಾಕುವಂತಿಲ್ಲ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಇದೇ ರೋಗ ಮತ್ತೆ ತಲೆ ಎತ್ತಿತು. ಬಳ್ಳಾರಿಯೆಂದರೆ ಚಿತ್ರದುರ್ಗದ ಗಡಿಗೆ ಹೊಂದಿಕೊಂಡ ಜಿಲ್ಲೆ.

ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಪಾರಿವಾಳ ಸಾಕುವವರ ಮನೆಯ ಮುಂದೆ ಅಕ್ಕಪಕ್ಕದವರ ತಕರಾರು ಶುರುವಾಗುತ್ತದೆ. ಹೀಗಾಗಿ ಮೊದಲು ಹೇಳಬೇಕಾದ ಮಾತು ಪಾರಿವಾಳದ ಪರವಾಗಿಯೇ ಇದೆ. ಕೋಳಿ, ಟರ್ಕಿ ಮತ್ತು ಬಾತುಗಳಿಗೆ ಹೋಲಿಸಿದರೆ ಪಾರಿವಾಳಕ್ಕೆ ಈ ರೋಗ ಸುಲಭವಾಗಿ ತಗಲುವುದಿಲ್ಲ. ಪ್ರಯೋಗಾಲಯಗಳಲ್ಲಿ ಪಾರಿವಾಳಗಳಿಗೆ ವೈರಾಣುವನ್ನು ಉದ್ದೇಶಪೂರ್ವಕವಾಗಿ ಕೊಟ್ಟು ನೋಡಿದಾಗಲೂ ಹಲವು ಹಕ್ಕಿಗಳು ಕಾಯಿಲೆ ಬೀಳಲಿಲ್ಲ. ಸೋಂಕು ತಗಲಿದವು ಹೊರಹಾಕಿದ ವೈರಾಣುವಿನ ಪ್ರಮಾಣವೂ ಸಾಮಾನ್ಯವಾಗಿ ಕಡಿಮೆ ಇತ್ತು. ಹಾಗೆಂದು ಪಾರಿವಾಳಕ್ಕೆ ಈ ರೋಗ ಬರುವುದೇ ಇಲ್ಲ ಎನ್ನುವಂತಿಲ್ಲ. ಹಕ್ಕಿಜ್ವರ ತರುವ ಎಚ್5ಎನ್1 ಗುಂಪಿನ ವೈರಾಣುವಿನ ಕೆಲವು ತಳಿಗಳಿಂದ ಪಾರಿವಾಳಗಳೂ ಸತ್ತಿವೆ, ವೈರಾಣು ತನ್ನ ಸ್ವಭಾವವನ್ನು ಬದಲಿಸಿಕೊಳ್ಳುತ್ತಲೂ ಇದೆ.

ರೋಗವಿಲ್ಲದ ಹಕ್ಕಿಯೂ ರೋಗವನ್ನು ಹೊತ್ತು ತರಬಲ್ಲದು ಎಂಬುದು ಇದಕ್ಕಿಂತ ಮುಖ್ಯವಾದ ಸಂಗತಿ. ಕಾಲಿಗೆ ಮೆತ್ತಿದ ಕೆಸರು, ರೆಕ್ಕೆಗೆ ಅಂಟಿದ ಹಿಕ್ಕೆ, ಬುಟ್ಟಿಯ ತಳಕ್ಕೆ ಹಾಸಿದ ಹೊಟ್ಟು ಇವೆಲ್ಲ ವೈರಾಣುವಿಗೆ ವಾಹನಗಳೇ. ವಿಶ್ವ ಆರೋಗ್ಯ ಸಂಸ್ಥೆ ನೀಡಿರುವ ಲೆಕ್ಕದ ಪ್ರಕಾರ ಎಚ್5ಎನ್1 ವೈರಾಣು ಹಕ್ಕಿಯ ಹಿಕ್ಕೆಯಲ್ಲಿ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕನಿಷ್ಠ 35 ದಿನ, 37 ಡಿಗ್ರಿಯಲ್ಲಿ 6 ದಿನ ಬದುಕಿರಬಲ್ಲದು. ನಮ್ಮ ಬಯಲುಸೀಮೆಯ ಬಿಸಿಲು ಅದನ್ನು ಬೇಗ ಕೊಲ್ಲುತ್ತದೆ ಎಂಬ ನಂಬಿಕೆ ತಪ್ಪಲ್ಲ. ಆದರೆ ಗೂಡಿನ ಮೂಲೆಯ ನೆರಳಿನಲ್ಲಿ, ನೀರಿನ ಬಟ್ಟಲಿನ ಸುತ್ತಲಿನ ಒದ್ದೆಯಲ್ಲಿ ಆ ಬಿಸಿಲು ಬೀಳುವುದೇ ಇಲ್ಲ.

[ದೃಶ್ಯ: ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ. ದಡದಲ್ಲಿ ನೀರುಹಕ್ಕಿಗಳು.]

ವೈರಾಣುವಿನ ಮೂಲ ಮನೆ ನೀರುಹಕ್ಕಿಗಳು. ಕಾಡುಬಾತು, ಹೆಬ್ಬಾತುಗಳ ಕರುಳಿನಲ್ಲಿ ಹಕ್ಕಿಜ್ವರದ ಜಾತಿಯ ಇನ್‌ಫ್ಲುಯೆಂಜಾ ವೈರಾಣುಗಳು ಎಷ್ಟೋ ಸಲ ಯಾವ ತೊಂದರೆಯನ್ನೂ ಕೊಡದೆ ಇರುತ್ತವೆ, ಕೆಲವೊಮ್ಮೆ ಅವುಗಳನ್ನೇ ರಾಶಿರಾಶಿಯಾಗಿ ಕೊಲ್ಲುತ್ತವೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿಗಳು ಸತ್ತಾಗ, ಮತ್ತೆ 2020ರ ಕೊನೆ ಹಾಗೂ 2021ರ ಆರಂಭದಲ್ಲಿ ಹಿಮಾಚಲ ಪ್ರದೇಶದ ಪಾಂಗ್ ಜಲಾಶಯದಲ್ಲಿ ಹಕ್ಕಿಗಳ ಹೆಣ ಬಿದ್ದಾಗ, ಎರಡೂ ಕಡೆ ಹೆಚ್ಚು ನಷ್ಟವಾದದ್ದು ಪಟ್ಟೆತಲೆ ಹೆಬ್ಬಾತಿಗೆ. ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೆ ಬರುವುದೂ ಇದೇ ಜಾತಿಯ ಹೆಬ್ಬಾತು. ವಲಸೆ ಹಕ್ಕಿಗಳು ನಮ್ಮ ಕೆರೆಗಳಲ್ಲಿರುವ ಚಳಿಗಾಲದ ತಿಂಗಳುಗಳೂ ಪಾರಿವಾಳಗಳ ತರಬೇತಿ ಮತ್ತು ಪಂದ್ಯಗಳ ತಿಂಗಳುಗಳೂ ಬಹುಮಟ್ಟಿಗೆ ಒಂದರ ಮೇಲೊಂದು ಬೀಳುತ್ತವೆ. ಫೆಬ್ರುವರಿ ಕಳೆದ ಮೇಲೆ ಬಿಸಿಲೇರಿದ ಹೊತ್ತಿನಲ್ಲಿ ನೂರಾರು ಕಿಲೋಮೀಟರ್ ಹಾರಿ ಬಾಯಾರಿದ ಹೋಮರ್ ದಾರಿಯಲ್ಲಿ ಇಳಿಯುವುದು ನೀರು ಕಂಡ ಕಡೆಗೆ. ಅದು ಕೆರೆಯ ಅಂಚು ಆಗಿದ್ದರೆ, ಬೆಳಿಗ್ಗೆ ಬಾತುಗಳು ಹಿಕ್ಕೆ ಹಾಕಿದ ಕೆಸರಿನಲ್ಲೇ ಅದು ಕಾಲಿಡುತ್ತದೆ.

ಇನ್ನು ಪಂದ್ಯದ ಬುಟ್ಟಿ. ಹತ್ತಾರು ಗೂಡುಗಳ ಹಕ್ಕಿಗಳನ್ನು ಒಂದೇ ಬುಟ್ಟಿಯಲ್ಲಿ ತುಂಬಿ, ಒಂದೇ ತೊಟ್ಟಿಯಲ್ಲಿ ನೀರಿಟ್ಟು, ರಾತ್ರಿಯಿಡೀ ವಾಹನದಲ್ಲಿ ಸಾಗಿಸಿ, ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಪ್ರತಿ ಹಕ್ಕಿಯೂ ನೇರವಾಗಿ ತನ್ನ ಮನೆಗೆ ಹಾರುತ್ತದೆ. ರೋಗವನ್ನು ಮನೆಮನೆಗೆ ಹಂಚಲು ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡನ್ನು ಯಾರೂ ಯೋಚಿಸಿ ಮಾಡಲಾರರು. ಬುಟ್ಟಿಯಲ್ಲಿದ್ದ ಒಂದು ಹಕ್ಕಿ ನೀರಿಗೆ ಕೊಕ್ಕಿಟ್ಟರೆ, ಅದರ ಗಂಟಲಲ್ಲಿ ಇದ್ದದ್ದು ಸಂಜೆಯೊಳಗೆ ಊರಿನ ಎಲ್ಲ ಗೂಡುಗಳಿಗೂ ತಲುಪಬಹುದು. ನಮ್ಮ ಅಭಿಪ್ರಾಯದಲ್ಲಿ ಗೂಡಿನ ಮೇಲೆ ಹಾರುವ ಕೊಕ್ಕರೆಗೆ ಹೆದರುವುದಕ್ಕಿಂತ ಈ ಬುಟ್ಟಿಗೆ ಹೆಚ್ಚು ಹೆದರಬೇಕು. ಹೈಫ್ಲೈಯರ್, ಅಂದರೆ ಎತ್ತರದಲ್ಲಿ ಬಹಳ ಹೊತ್ತು ಹಾರುವ ಪಾರಿವಾಳಗಳನ್ನು ಹಾರಿಸುವವರಲ್ಲಿ ಇನ್ನೊಂದು ರೂಢಿ ಇದೆ. ಬೇರೆಯವರ ಹಕ್ಕಿ ದಾರಿ ತಪ್ಪಿ ಬಂದರೆ ಅದನ್ನು ತಮ್ಮ ಗುಂಪಿನ ಜೊತೆ ಇಳಿಸಿ ಹಿಡಿಯುವುದು ಅವರಿಗೊಂದು ಹೆಮ್ಮೆ. ಆ ಹೆಮ್ಮೆಯ ಬಗ್ಗೆ ನಮ್ಮ ತಕರಾರಿಲ್ಲ, ಆದರೆ ಹಿಡಿದ ಹಕ್ಕಿಯನ್ನು ಅದೇ ಸಂಜೆ ತಮ್ಮ ಗೂಡಿನೊಳಗೆ ಬಿಡುವುದನ್ನು ಯಾವ ಪಶುವೈದ್ಯರೂ ಒಪ್ಪುವುದಿಲ್ಲ.

[ದೃಶ್ಯ: ತಟ್ಟೆಯಲ್ಲಿ ಮೆಕ್ಕೆಜೋಳ, ಸಜ್ಜೆ, ಹೆಸರುಕಾಳು. ಒಂದು ಪಾರಿವಾಳ ಕುತ್ತಿಗೆ ಓರೆ ಮಾಡಿಕೊಂಡು ಕಾಳು ಹೆಕ್ಕಲು ಪ್ರಯತ್ನಿಸುತ್ತಿದೆ.]

ಈ ಹಕ್ಕಿಯನ್ನು ಗಮನವಿಟ್ಟು ನೋಡಿ. ಅದಕ್ಕೆ ಹಸಿವಿದೆ, ಕಾಳೂ ಕಾಣುತ್ತಿದೆ, ಆದರೆ ಕೊಕ್ಕು ಪ್ರತಿ ಸಲವೂ ಕಾಳಿನಿಂದ ಅರ್ಧ ಬೆರಳು ಪಕ್ಕಕ್ಕೆ ಬೀಳುತ್ತಿದೆ. ಗಾಬರಿಯಾದರೆ ಕುತ್ತಿಗೆ ತಿರುಚಿಕೊಳ್ಳುತ್ತದೆ, ಕೆಲವೊಮ್ಮೆ ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ. ಹಿಕ್ಕೆ ನೀರುನೀರಾಗಿದ್ದು, ಅದರ ನಡುವೆ ಎಳೆಯಂಥ ಗಟ್ಟಿ ಭಾಗ ಮಾತ್ರ ಉಳಿದಿರುತ್ತದೆ. ಇಂಥ ಹಕ್ಕಿಯನ್ನು ಕಂಡ ಕೂಡಲೇ ಹಕ್ಕಿಜ್ವರವೆಂದು ಕೂಗಾಡುವವರಿದ್ದಾರೆ. ಹೆಚ್ಚಿನ ಸಲ ಇದು ಪಾರಿವಾಳದ ಪ್ಯಾರಾಮಿಕ್ಸೊ ವೈರಾಣುವಿನ ರೋಗ. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ ವೈರಾಣುವಿನ ಹತ್ತಿರದ ಬಂಧು ಇದು. 1980ರ ದಶಕದ ಆರಂಭದಲ್ಲಿ ಯುರೋಪಿನ ಪಂದ್ಯದ ಗೂಡುಗಳಲ್ಲಿ ಹಬ್ಬಿ, ಅಲ್ಲಿಂದ ಜಗತ್ತಿನ ಬಹುತೇಕ ಕಡೆ ಕಾಣಿಸಿಕೊಂಡಿದೆ. ಬ್ರಿಟನ್ನಿನಲ್ಲಿ ಈ ರೋಗದ ಲಸಿಕೆ ಹಾಕಿಸದ ಪಾರಿವಾಳವನ್ನು ಪಂದ್ಯಕ್ಕೆ ಸೇರಿಸಿಕೊಳ್ಳಲು ಕಾನೂನೇ ಬಿಡುವುದಿಲ್ಲ. ನಮ್ಮಲ್ಲಿ ಅಂಥ ಕಟ್ಟುನಿಟ್ಟು ಇಲ್ಲವಾದರೂ, ಲಸಿಕೆ ಹಾಕಿಸಿದ ಹಕ್ಕಿಗೆ ಮಾತ್ರ ಬುಟ್ಟಿಯಲ್ಲಿ ಜಾಗ ಎಂದು ಪಂದ್ಯ ನಡೆಸುವವರು ತಾವಾಗಿಯೇ ತೀರ್ಮಾನಿಸುವುದನ್ನು ಯಾರೂ ತಡೆದಿಲ್ಲ.

ಹಕ್ಕಿಜ್ವರ ತಗಲಿದ ಪಾರಿವಾಳದಲ್ಲೂ ಮಂಕುತನ, ನಡುಕ, ಭೇದಿ, ಕುತ್ತಿಗೆ ತಿರುಚುವುದು ಕಾಣಿಸಬಹುದು. ಹೀಗಾಗಿ ಕಣ್ಣಳತೆಯಿಂದ ಎರಡನ್ನೂ ಬೇರೆ ಮಾಡುವುದು ಅನುಭವಿಗಳಿಂದಲೂ ಆಗದ ಕೆಲಸ, ಪರೀಕ್ಷೆಯೇ ಆಗಬೇಕು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುರೋಗಗಳ ಪ್ರಯೋಗಾಲಯವಿದೆ, ಹಕ್ಕಿಜ್ವರದ ಅಂತಿಮ ದೃಢೀಕರಣ ಭೋಪಾಲದ ರಾಷ್ಟ್ರೀಯ ಉನ್ನತ ಭದ್ರತಾ ಪ್ರಾಣಿ ರೋಗಗಳ ಸಂಸ್ಥೆಯಲ್ಲಿ ನಡೆಯುತ್ತದೆ. ಗೂಡಿನಲ್ಲಿ ಒಂದೆರಡು ದಿನಗಳೊಳಗೆ ಹಲವು ಹಕ್ಕಿಗಳು ಸತ್ತರೆ, ಇಲ್ಲವೇ ಅದೇ ಓಣಿಯಲ್ಲಿ ಕೋಳಿಗಳೋ ಕಾಗೆಗಳೋ ಏಕಾಏಕಿ ಬಿದ್ದು ಸಾಯುತ್ತಿದ್ದರೆ, ಕಾದು ನೋಡುವ ಪ್ರಶ್ನೆಯೇ ಇಲ್ಲ. ಹತ್ತಿರದ ಪಶು ಆಸ್ಪತ್ರೆಗೆ ಅಂದೇ ತಿಳಿಸಬೇಕು. ಹಕ್ಕಿಜ್ವರ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿರುವ ರೋಗವಾದ್ದರಿಂದ, ಅನುಮಾನ ಬಂದಾಗ ತಿಳಿಸುವುದು ಮಾಲೀಕರ ಕಾನೂನುಬದ್ಧ ಹೊಣೆ. ಸತ್ತ ಹಕ್ಕಿಯನ್ನು ಕೊಯ್ದು ನೋಡಬಾರದು, ಕಸದ ತೊಟ್ಟಿಗೋ ಕೆರೆಗೋ ಎಸೆಯಬಾರದು. ಕೈಗವಸು ತೊಟ್ಟು, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಕಟ್ಟಿ, ನಾಯಿ ಬೆಕ್ಕುಗಳ ಬಾಯಿಗೆ ಸಿಗದಂತೆ ಇಟ್ಟು ವೈದ್ಯರಿಗಾಗಿ ಕಾಯಬೇಕು.

ಎಚ್5ಎನ್1 ವಿರುದ್ಧ ಹಕ್ಕಿಗಳಿಗೆ ಲಸಿಕೆ ಹಾಕುವ ಕ್ರಮ ನಮ್ಮ ದೇಶದಲ್ಲಿಲ್ಲ. ಪ್ಯಾರಾಮಿಕ್ಸೊಗೆ ಲಸಿಕೆ ಇದೆ. ಕುತ್ತಿಗೆಯ ಹಿಂಭಾಗದ ಚರ್ಮದಡಿಗೆ ಚುಚ್ಚುವ ನಿಷ್ಕ್ರಿಯ (ಸತ್ತ ವೈರಾಣುವಿನ) ಲಸಿಕೆಯನ್ನು ಪಂದ್ಯದ ಕಾಲಕ್ಕೆ ಕೆಲವು ವಾರ ಮುಂಚೆಯೇ ಪಶುವೈದ್ಯರ ಸಲಹೆಯಂತೆ ಹಾಕಿಸಬೇಕು. ರೋಗ ಬಂದ ಮೇಲೆ ಔಷಧಿ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನೀರಿಗೆ ಬೆರೆಸುವ ಅಭ್ಯಾಸ ಎಲ್ಲ ಕಡೆ ಇದೆ. ವೈರಾಣುವಿಗೆ ಅದು ತಾಗುವುದೇ ಇಲ್ಲ.

[ದೃಶ್ಯ: ತಾರಸಿಯ ಮೂಲೆಯಲ್ಲಿ ಕಾಗೆ. ಅದರ ಕೊಕ್ಕಿನಲ್ಲಿ ಕೋಳಿಯ ಕರುಳಿನ ತುಂಡು.]

ಹಾಗಾದರೆ ಗೂಡಿನ ಬಾಗಿಲಲ್ಲಿ ಏನನ್ನು ತಡೆಯಬೇಕು? ಭಾನುವಾರ ಬೆಳಿಗ್ಗೆ ಕೋಳಿ ಅಂಗಡಿಯ ಹಿಂದೆ ಬಿದ್ದ ಕರುಳನ್ನು ಕಾಗೆ ಎತ್ತಿಕೊಂಡು ಬಂದು ನಿಮ್ಮ ಗೂಡಿನ ಇಳಿಯುವ ಹಲಗೆಯ ಮೇಲೆ ಕೂತು ತಿನ್ನುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಗೆ ಈ ರೋಗಕ್ಕೆ ಸುಲಭವಾಗಿ ಬಲಿಯಾಗುವ ಹಕ್ಕಿ. 2021ರ ಜನವರಿಯಲ್ಲಿ ರಾಜಸ್ಥಾನ ಮತ್ತು ಮಧ್ಯಪ್ರದೇಶದಲ್ಲಿ ರೋಗ ಬಂದಿರುವುದನ್ನು ಮೊದಲು ತೋರಿಸಿಕೊಟ್ಟದ್ದು ಸತ್ತು ಬಿದ್ದ ಕಾಗೆಗಳು. ಹಾರಲು ಬಿಡದ ಹೊತ್ತಿನಲ್ಲಿ ಗೂಡಿಗೆ ಸಣ್ಣ ಕಣ್ಣಿನ ಜಾಲರಿ, ಮೇಲೆ ಹಿಕ್ಕೆ ಸೋರದ ತಗಡು ಇರಬೇಕು. ಕಾಳಿನ ಡಬ್ಬಿಗೆ ಮುಚ್ಚಳ ಬೇಕು. ದಾವಣಗೆರೆಯಲ್ಲಿ ಮೆಕ್ಕೆಜೋಳಕ್ಕೇನೂ ಬರವಿಲ್ಲ, ಆದರೆ ಗೋದಾಮಿನ ಅಂಗಳದಲ್ಲಿ ಕಾಡುಪಾರಿವಾಳಗಳು ಕೆದಕಿದ ಕಾಳನ್ನು ಗುಡಿಸಿ ತಂದು ಹಾಕುವುದು ಉಳಿತಾಯವಲ್ಲ. ಮೊಟ್ಟೆಯ ಚಿಪ್ಪನ್ನು ಕುಟ್ಟಿ ಸುಣ್ಣದಂಶಕ್ಕಾಗಿ ಹಾಕುವವರು ಅದನ್ನು ಚೆನ್ನಾಗಿ ಕುದಿಸಿದ ಮೇಲೆಯೇ ಹಾಕಬೇಕು. ಹಸಿ ಚಿಪ್ಪಿನ ಮೇಲೆ ಕೋಳಿಯ ಹಿಕ್ಕೆ ಒಣಗಿರುತ್ತದೆ. ಗೂಡಿನ ಕೆಳಗೆ ನಾಟಿಕೋಳಿ ಬಿಡುವುದನ್ನು ನಿಲ್ಲಿಸುವುದೇ ಒಳ್ಳೆಯದು. ಗೂಡಿಗೆಂದೇ ಒಂದು ಜೊತೆ ಚಪ್ಪಲಿ ಇಟ್ಟುಕೊಂಡು, ಬೀದಿಯ ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಡಬೇಕು. ಇದಕ್ಕೆ ಖರ್ಚಾಗುವುದು ಬಹಳ ಕಡಿಮೆ, ಪಾಲಿಸುವವರು ಅದಕ್ಕಿಂತ ಕಡಿಮೆ.

ಹೊಸದಾಗಿ ಕೊಂಡ ಹಕ್ಕಿ, ಹಿಡಿದ ಹಕ್ಕಿ, ವಾರ ಕಳೆದು ಮನೆ ಸೇರಿದ ಹಕ್ಕಿ ಇವುಗಳನ್ನು ಬೇರೆ ಕೋಣೆಯಲ್ಲಿ, ಬೇರೆ ನೀರಿನ ಬಟ್ಟಲಿನೊಂದಿಗೆ ಕನಿಷ್ಠ ಎರಡು ವಾರ, ಸಾಧ್ಯವಾದರೆ ಮೂರು ವಾರ ಇಡಬೇಕು. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಹಕ್ಕಿಜ್ವರಕ್ಕೆ ಲೆಕ್ಕ ಹಿಡಿಯುವ ಸುಪ್ತಾವಧಿ, ಅಂದರೆ ಸೋಂಕು ತಗಲಿ ಲಕ್ಷಣ ಕಾಣುವವರೆಗಿನ ಅವಧಿ, 14 ದಿನ. ಪ್ರತಿ ವಾರ ಪಂದ್ಯಕ್ಕೆ ಹೋಗುವ ಹಕ್ಕಿಯನ್ನು ಹೀಗೆ ಇಡಲಾಗದು ಎಂಬ ವಾದದಲ್ಲಿ ಹುರುಳಿದೆ. ಅಂಥವರು ಪಂದ್ಯದ ತಂಡವನ್ನೂ ಮರಿ ಮಾಡುವ ಜೋಡಿಗಳನ್ನೂ ಪೂರ್ತಿಯಾಗಿ ಬೇರೆ ಮಾಡಿ, ದಿನವೂ ಮೊದಲು ಜೋಡಿಗಳ ಕೆಲಸ ಮುಗಿಸಿ ಆಮೇಲೆ ಪಂದ್ಯದ ಹಕ್ಕಿಗಳ ಕಡೆ ಹೋಗುವ ಕ್ರಮ ಇಟ್ಟುಕೊಂಡರೆ, ರೋಗ ಬಂದರೂ ತಳಿಯಾದರೂ ಉಳಿಯುತ್ತದೆ.

ಶುಚಿ ಮಾಡುವಾಗ ಹಿಕ್ಕೆಯ ಮೇಲೆಯೇ ಬ್ಲೀಚಿಂಗ್ ಪೌಡರ್ ಎರಚಿದರೆ ಅದರ ಶಕ್ತಿಯೆಲ್ಲ ಹಿಕ್ಕೆಯಲ್ಲೇ ಮುಗಿದುಹೋಗುತ್ತದೆ. ಮೊದಲು ನೀರು ಚಿಮುಕಿಸಿ ಹಿಕ್ಕೆಯನ್ನು ಒದ್ದೆ ಮಾಡಬೇಕು. ಒಣ ಹಿಕ್ಕೆಯನ್ನು ಕೆರೆದರೆ ಏಳುವ ಧೂಳು ಸೋಂಕಿಗೆ ಮಾತ್ರವಲ್ಲ, ವರ್ಷಾನುಗಟ್ಟಲೆ ಪಾರಿವಾಳ ಸಾಕಿದವರ ಶ್ವಾಸಕೋಶವನ್ನು ಗಟ್ಟಿಯಾಗಿಸುವ ಅಲರ್ಜಿ ಕಾಯಿಲೆಗೂ ಕಾರಣ. ಮೂಗು ಬಾಯಿ ಮುಚ್ಚುವ ಮಾಸ್ಕ್ ಧರಿಸಿ, ಕೆರೆದು ತೆಗೆದು, ಸೋಪಿನ ನೀರಿನಿಂದ ತೊಳೆಯಬೇಕು. ಈ ವೈರಾಣುವಿನ ಹೊರಕವಚ ಕೊಬ್ಬಿನಿಂದಾದದ್ದು, ಆದ್ದರಿಂದ ಸೋಪು ಅದನ್ನು ಒಡೆದುಹಾಕುತ್ತದೆ. ನಂತರ ಶೇ 5ರ ಸೋಡಿಯಂ ಹೈಪೊಕ್ಲೋರೈಟ್ ಒಂದು ಲೀಟರಿಗೆ ಒಂಬತ್ತು ಲೀಟರ್ ನೀರು ಬೆರೆಸಿ ಬಳಿದು, ಹತ್ತು ನಿಮಿಷಕ್ಕೂ ಹೆಚ್ಚು ಬಿಟ್ಟು, ತೊಳೆದು, ಬಿಸಿಲಿಗೆ ಒಣಗಿಸಬೇಕು. ಶೌಚಾಲಯ ತೊಳೆಯುವ ಆಸಿಡ್ಡನ್ನು ಇದರ ಜೊತೆ ಎಂದೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಪಂದ್ಯದ ಬುಟ್ಟಿಗಳಿಗೂ ಪ್ರತಿ ಸಲ ಇದೇ ಕ್ರಮ. ಬಿದಿರಿನ ಬುಟ್ಟಿಯ ಸಂದುಗಳಲ್ಲಿ ಹಿಕ್ಕೆ ಉಳಿಯುವುದರಿಂದ ತೊಳೆಯಲು ಬರುವ ಪ್ಲಾಸ್ಟಿಕ್ ಬುಟ್ಟಿಯೇ ಮೇಲು.

ಹತ್ತಿರದಲ್ಲಿ ರೋಗ ದೃಢಪಟ್ಟರೆ, ಕೇಂದ್ರ ಸರ್ಕಾರದ ಕ್ರಿಯಾ ಯೋಜನೆಯಂತೆ ಸುತ್ತಲಿನ 1 ಕಿಲೋಮೀಟರ್ ಸೋಂಕಿತ ವಲಯ, ಅಲ್ಲಿಂದ 10 ಕಿಲೋಮೀಟರ್‌ವರೆಗೆ ನಿಗಾ ವಲಯ ಎಂದು ಘೋಷಣೆಯಾಗುತ್ತದೆ. ಆಗ ಹಕ್ಕಿಗಳ ಸಾಗಾಟಕ್ಕೆ ತಡೆ ಬೀಳುತ್ತದೆ. ಹಾರಾಟವನ್ನು ಅಂದೇ ನಿಲ್ಲಿಸಿ, ಎಲ್ಲ ಹಕ್ಕಿಗಳನ್ನೂ ಒಳಗೆ ಕೂಡಿ, ಕಾಲಿನ ಉಂಗುರದ ಸಂಖ್ಯೆಗಳ ಸಮೇತ ಪಟ್ಟಿ ಬರೆದಿಟ್ಟುಕೊಳ್ಳಬೇಕು. ಸಮೀಕ್ಷೆಗೆ ಬರುವ ಇಲಾಖೆಯ ಸಿಬ್ಬಂದಿಯಿಂದ ಹಕ್ಕಿಗಳನ್ನು ಅಡಗಿಸಿ, ರಾತ್ರಿ ನೆಂಟರ ಊರಿಗೆ ಸಾಗಿಸುವುದು ಅತಿ ದೊಡ್ಡ ತಪ್ಪು. ರೋಗ ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಜಿಗಿಯುವುದು ಹೀಗೆಯೇ.

ಮನುಷ್ಯರಿಗೆ ಈ ರೋಗ ಬರುವುದು ಅಪರೂಪ. 2021ರ ಜುಲೈನಲ್ಲಿ ಹರಿಯಾಣದ ಬಾಲಕನೊಬ್ಬ ಎಚ್5ಎನ್1ನಿಂದ ದೆಹಲಿಯಲ್ಲಿ ಮೃತಪಟ್ಟದ್ದು ನಮ್ಮ ದೇಶದ ಮೊದಲ ಪ್ರಕರಣ. ಕಾಯಿಲೆ ಬಿದ್ದ ಅಥವಾ ಸತ್ತ ಹಕ್ಕಿಗಳನ್ನು ಮುಟ್ಟಿದ ನಂತರ ಜ್ವರ, ಕೆಮ್ಮು, ಉಸಿರಾಟದ ತೊಂದರೆ, ಕಣ್ಣು ಕೆಂಪಾಗುವುದು ಕಂಡುಬಂದರೆ ಬರಿಯ ನೆಗಡಿ ಎಂದು ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಮೊದಲ ಮಾತಾಗಿ, ತಮ್ಮ ಮನೆಯಲ್ಲಿ ಪಾರಿವಾಳಗಳಿವೆ ಮತ್ತು ಇಂಥ ದಿನ ಇಷ್ಟು ಹಕ್ಕಿಗಳು ಸತ್ತಿವೆ ಎಂದು ವೈದ್ಯರಿಗೆ ಹೇಳಬೇಕು. ಇನ್‌ಫ್ಲುಯೆಂಜಾದ ಮಾತ್ರೆಯಾದ ಒಸೆಲ್ಟಾಮಿವಿರ್ ಚೆನ್ನಾಗಿ ಕೆಲಸ ಮಾಡುವುದು ಕಾಯಿಲೆಯ ಮೊದಲ ಎರಡು ದಿನಗಳಲ್ಲಿ. ಹಕ್ಕಿಯ ವಿಷಯ ಗೊತ್ತಿಲ್ಲದ ವೈದ್ಯರಿಗೆ ಅದನ್ನು ಕೊಡುವ ಯೋಚನೆ ಬರುವ ಹೊತ್ತಿಗೆ ಆ ಎರಡು ದಿನ ಕಳೆದಿರಬಹುದು.