ದೊಡ್ಡಾಸ್ಪತ್ರೆಯೋ, ನರ್ಸಿಂಗ್ ಹೋಮೋ?

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಆಸ್ಪತ್ರೆ ಬೇಕೋ, ಖಾಸಗಿ ಬೇಕೋ ಎಂಬ ಈ ಚರ್ಚಾಸ್ಪರ್ಧೆಯಲ್ಲಿ ಎರಡೂ ಕಡೆಯವರು ಚೆನ್ನಾಗಿ ಮಾತಾಡಿದಿರಿ. ಸರ್ಕಾರಿ ಆಸ್ಪತ್ರೆಯ ಪರ ಮೇಜು ಗುದ್ದಿ ವಾದ ಮಾಡಿದ ಹುಡುಗ ಕೆಳಗಿಳಿದ ಮೇಲೆ ಪಕ್ಕದವನಿಗೆ ಮೆಲ್ಲಗೆ ಹೇಳುತ್ತಿದ್ದ, "ನಮ್ಮಜ್ಜಿಗೆ ಕಣ್ಣಿನ ಆಪರೇಷನ್ ಪ್ರೈವೇಟಲ್ಲೇ ಮಾಡ್ಸಿದ್ದು ಕಣೋ" ಅಂತ. ನಾಚಿಕೆ ಪಡಬೇಡಪ್ಪ. ನಾನು ಮೂವತ್ತು ವರ್ಷ ಸರ್ಕಾರಿ ಫಾರ್ಮಸಿಸ್ಟ್ ಆಗಿದ್ದವನು. ನಮ್ಮ ಮನೆಯವರೂ ಎರಡೂ ಕಡೆ ಹೋಗಿದ್ದಾರೆ.

2025ರ ಜೂನ್, ಜುಲೈ ನೆನಪಿದೆ ತಾನೇ? ಟೀವಿ ಹಾಕಿದರೆ ನಮ್ಮ ಹಾಸನದ ಹೃದಯಾಘಾತದ ಸಾವುಗಳದ್ದೇ ಸುದ್ದಿ. ಜಿಮ್‌ಗೆ ಹೋಗುವವರು ನಿಲ್ಲಿಸಿದರು, ಆಟೋ ಓಡಿಸುವವರು ಎದೆ ಮುಟ್ಟಿಕೊಂಡು ನೋಡಿದರು. ಸರ್ಕಾರ ಸಮಿತಿ ಮಾಡಿತು. ಅದು ಲೆಕ್ಕ ತೆಗೆದು ನೋಡಿ, ಹಿಂದಿನದಕ್ಕಿಂತ ಸಾವು ವಿಪರೀತ ಏರಿಲ್ಲ ಎಂದಿತು. ಅಷ್ಟರಲ್ಲಿ ನಮ್ಮ ಜನ ಎಲ್ಲಿಗೆ ಓಡಿದ್ದರು ಹೇಳಿ? ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ. ಬೆಳಗಿನ ಜಾವವೇ ಕ್ಯೂ.

ಜಯದೇವ ಯಾರದ್ದು? ರಾಜ್ಯ ಸರ್ಕಾರದ ಸ್ವಾಯತ್ತ ಸಂಸ್ಥೆ. ಅಲ್ಲಿ ಫೀಸು ಇದೆ, ಪುಕ್ಕಟೆ ಅಲ್ಲ. ಆದರೆ ಹೊರಗಿನದಕ್ಕಿಂತ ಕಡಿಮೆ, ಬಡವರಿಗೆ ರಿಯಾಯಿತಿಯೂ ಉಂಟು. ಜೀವಕ್ಕೆ ಹೆದರಿದಾಗ ನಮ್ಮ ಹಾಸನದವರು ನೂರು ಕಿಲೋಮೀಟರ್ ದಾಟಿ ಹೋಗಿದ್ದು ಸರ್ಕಾರದ ಬಾಗಿಲಿಗೇ. ಹಾಗಾದರೆ "ಗೌರ್ಮೆಂಟ್ ಅಂದ್ರೆ ಜನಕ್ಕೆ ನಂಬಿಕೆ ಇಲ್ಲ" ಅನ್ನೋ ಮಾತನ್ನು ಸುಮ್ನೆ ಒಪ್ಪಿಕೊಳ್ಳೋದು ಹೇಗೆ? ಡಾಕ್ಟರ್ ಇರಬೇಕು, ಮಷೀನ್ ನಡೆಯಬೇಕು, ರೇಟು ಮೊದಲೇ ಗೊತ್ತಿರಬೇಕು. ಇಷ್ಟಿದ್ದರೆ ಬೋರ್ಡಿನ ಮೇಲೆ ಯಾರ ಹೆಸರಿದೆ ಅಂತ ರೋಗಿ ನೋಡುವುದಿಲ್ಲ.

ಇನ್ನು ನನ್ನ ಕಥೆ. 2016ರಲ್ಲಿ ನಮ್ಮ ಭಾವನಿಗೆ ರಾತ್ರಿ ಹತ್ತು ಗಂಟೆಗೆ ಎದೆನೋವು. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೆಸರು ಬೇಡ. ಡಾಕ್ಟರ್ ಇದ್ದರು, ಸಿಸ್ಟರ್ ಇದ್ದರು, ಹೃದಯ ಪರೀಕ್ಷೆಯ ಇಸಿಜಿ ಮಷೀನೂ ಇತ್ತು. ಪೇಪರ್ ರೋಲ್ ಮುಗಿದಿತ್ತು! ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಹಾಕಿದ್ದಾರಂತೆ, ಬಂದಿಲ್ಲವಂತೆ. ಸ್ಟೋರ್ ನೋಡಿಕೊಳ್ಳುವ ಕೆಲಸ ಜೀವನಪೂರ್ತಿ ಮಾಡಿದ ನನಗೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ.

ಅಲ್ಲಿಂದ ಪ್ರೈವೇಟ್‌ಗೆ. ಅಡ್ವಾನ್ಸ್ ಕಟ್ಟಿ ಅಂದರು, ತಂಗಿ ಬಳೆ ಬಿಚ್ಚಿದಳು. ಕೆಲಸ ಚುರುಕಾಗಿ ಆಯಿತು, ಅದನ್ನು ಹೇಳದೇ ಇರಬಾರದು. ಭಾವ ಬದುಕಿದರು. ಬಿಲ್ಲಿನಲ್ಲಿ ಎರಡು ಸ್ಟೆಂಟ್, ಅಂದರೆ ಹೃದಯದ ರಕ್ತನಾಳ ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಒಂದೊಂದಕ್ಕೆ ಲಕ್ಷದ ಮೇಲೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿಗೆ ಬೆಲೆ ಮಿತಿ ಹಾಕಿತು. ಔಷಧ ಲೇಪಿಸಿದ ಸ್ಟೆಂಟ್ 30,000 ರೂಪಾಯಿಯ ಆಸುಪಾಸಿಗೆ ಇಳಿಯಿತು. ಪೇಪರ್ ಓದುತ್ತಾ ಭಾವ ಎದೆ ಮುಟ್ಟಿಕೊಂಡು, "ಇದರೊಳಗಿರೋದನ್ನ ವಾಪಸ್ ಕೊಟ್ಟರೆ ತಗೋತಾರಾ?" ಅಂದರು.

ನಿಮ್ಮಲ್ಲಿ ಆಲೂಗಡ್ಡೆ ಬೆಳೆಯುವವರ ಮಕ್ಕಳು ಇದ್ದೀರಿ. ಎಪಿಎಂಸಿಗೆ ಮೂಟೆ ಹೊತ್ತು ಹೋದರೆ ಖರೀದಿ ಮಾಡುವವನು ಕೈಹಾಕಿ ನೋಡುತ್ತಾನೆ, ಗಾತ್ರ ನೋಡುತ್ತಾನೆ, ರೇಟು ಇಳಿಸುತ್ತಾನೆ. ಒಪ್ಪದಿದ್ದರೆ ಪಕ್ಕದ ಮಂಡಿಗೆ. ಆಸ್ಪತ್ರೆಯಲ್ಲಿ ಹಾಗಲ್ಲ. ಏನು ಬೇಕು, ಎಷ್ಟು ಬೇಕು ಅಂತ ಹೇಳುವವನೂ ಆಸ್ಪತ್ರೆಯವನೇ, ಮಾರುವವನೂ ಅವನೇ. ಔಷಧದ ಹೆಸರೆಲ್ಲ ಬಾಯಿಗೆ ಬರುವ ನಾನೇ ಆ ರಾತ್ರಿ "ಒಂದು ಸ್ಟೆಂಟ್ ಸಾಲದಾ ಸಾರ್?" ಅಂತ ಕೇಳಲಿಲ್ಲ. ಬಾಯಿ ಬರಲಿಲ್ಲ. "ಪೈಪೋಟಿ ಇದ್ದರೆ ದರ ತಾನಾಗೇ ಇಳಿಯುತ್ತೆ" ಎಂದು ವಾದಿಸಿದ ಹುಡುಗಿಗೆ ನನ್ನ ಉತ್ತರ ಇದೇ ಕಣಮ್ಮ. ಪೈಪೋಟಿ ನಡೆಯಬೇಕಾದರೆ ಕೊಳ್ಳುವವನಿಗೆ ಎದ್ದು ಹೋಗುವ ಶಕ್ತಿ ಇರಬೇಕು. ಸ್ಟ್ರೆಚರ್ ಮೇಲೆ ಇರುವವನು ಎದ್ದು ಹೋಗುವುದೆಲ್ಲಿಗೆ?

ಪ್ರೈವೇಟ್ ಡಾಕ್ಟರುಗಳ ಮಾತನ್ನೂ ಕೇಳಬೇಕು. 2017ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ, ದರಕ್ಕೆ ಕಡಿವಾಣ ಹಾಕುವ ತಿದ್ದುಪಡಿ ತರಲು ಹೊರಟಾಗ ರಾಜ್ಯದಾದ್ಯಂತ ಹೊರರೋಗಿ ವಿಭಾಗ (ಓಪಿಡಿ) ಮುಚ್ಚಿ ಮುಷ್ಕರ ಮಾಡಿದರು. ಕೊನೆಗೆ ಕಾಯ್ದೆ ಮೆತ್ತಗಾಯಿತು. ಮುಷ್ಕರ ನನಗೆ ಹಿಡಿಸಲಿಲ್ಲ. ಆದರೆ ಗಂಡ ಡಾಕ್ಟರ್, ಹೆಂಡತಿ ಡಾಕ್ಟರ್, ಹತ್ತು ಬೆಡ್ಡಿನ ನರ್ಸಿಂಗ್ ಹೋಮ್, ಬ್ಯಾಂಕ್ ಸಾಲ, ಇಂಥವರು "ನಿಮ್ಮ ನಿಯಮಕ್ಕೆ ನಾವು ಮುಚ್ತೀವಿ, ದೊಡ್ಡ ಕಂಪನಿ ಉಳಿಯುತ್ತೆ" ಅಂದದ್ದರಲ್ಲಿ ಸುಳ್ಳಿರಲಿಲ್ಲ. ತಾಲ್ಲೂಕುಗಳಲ್ಲಿ ಎಷ್ಟೋ ಹೆರಿಗೆ ಮಾಡಿಸಿದವರು ಅವರೇ. ಚಿಕಿತ್ಸಾ ದರವನ್ನು ಕಾಣುವ ಹಾಗೆ ಹಾಕಬೇಕು ಎಂಬುದು ಆ ಕಾಯ್ದೆಯಲ್ಲಿದೆ. ಮುಂದಿನ ಸಲ ಹೋದಾಗ ಆ ಬೋರ್ಡ್ ಎಲ್ಲಿದೆ ಹುಡುಕಿ. ಕೆಲವೊಮ್ಮೆ ಗಿಡದ ಕುಂಡದ ಹಿಂದೆ ಇರುತ್ತದೆ.

ಈಗ ಪಕ್ಕದ ಚಿಕ್ಕಮಗಳೂರಿಗೆ ಬನ್ನಿ. ಕೊಪ್ಪ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಉಣುಗಿನಿಂದ ಬರುತ್ತೆ. ಮಂಗ ಸತ್ತರೆ ವರದಿ ಮಾಡಬೇಕು, ಕಾಡಿನ ಉಣುಗು ಹಿಡಿದು ಪರೀಕ್ಷೆಗೆ ಕಳಿಸಬೇಕು, ಸೊಪ್ಪು ತರಲು ಹೋಗುವವರ ಮನೆಮನೆಗೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಮುಟ್ಟಿಸಬೇಕು. ಇದಕ್ಕೆ ಯಾರಿಗೆ ಬಿಲ್ ಮಾಡುತ್ತೀರಿ? ಸತ್ತ ಮಂಗಕ್ಕಾ? ಕಾಯಿಲೆ ಬರದಂತೆ ತಡೆದರೆ ದುಡ್ಡು ಹುಟ್ಟುವುದಿಲ್ಲ. ಆಶಾ ಕಾರ್ಯಕರ್ತೆ ಕೆಸರಲ್ಲಿ ನಡೆದು ಹೋಗಿ ಮಾಡುವ ಕೆಲಸ ಅದು. ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು ಎಂಬ ಲೆಕ್ಕವಿದೆ. ನಮ್ಮ ಸಕಲೇಶಪುರದ ಹೆತ್ತೂರು ಹೋಬಳಿಯ ಮಳೆಯಲ್ಲಿ ಲಾಭ ನೋಡಿಕೊಂಡು ಆಸ್ಪತ್ರೆ ತೆರೆಯುವವರು ಯಾರೂ ಬರುವುದಿಲ್ಲ. ಬೈಯುತ್ತಿಲ್ಲ, ಅವರ ಲೆಕ್ಕ ಹಾಗಿದೆ.

"ಕಾರ್ಡ್ ಇದೆಯಲ್ಲ, ಪ್ರೈವೇಟಲ್ಲೂ ಫ್ರೀ ಆಗುತ್ತೆ" ಅಂತ ಒಬ್ಬರು ಹೇಳಿದಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಸರ್ಕಾರ ಗೊತ್ತುಮಾಡಿದ ಚಿಕಿತ್ಸಾ ದರದ ಶೇ 30, ಅದೂ 1.5 ಲಕ್ಷದವರೆಗೆ. ಒಳ್ಳೆಯದೇ. ಆದರೆ ಅದು ಅಡ್ಮಿಟ್ ಆದವರಿಗೆ. ಬಿಪಿ, ಶುಗರ್ ಮಾತ್ರೆ ದಿನಾ ನುಂಗುವವರಿಗೆ? ಅಲ್ಲೇ ಮನೆ ಸೋರುವುದು. ತಿಂಗಳ ಕೊನೆಯಲ್ಲಿ ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದ ಅಜ್ಜಂದಿರನ್ನು ನಾನು ಕೌಂಟರಿನಲ್ಲಿ ಕಂಡಿದ್ದೇನೆ. ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ 64 ಇತ್ತು. 2021-22ಕ್ಕೆ ಶೇ 39ಕ್ಕೆ ಇಳಿದಿದೆ. ಇಳಿದದ್ದು ನಿಜ, ಆದರೂ ನೂರಕ್ಕೆ ಮೂವತ್ತೊಂಬತ್ತು ಸಣ್ಣದಲ್ಲ.

ಹಾಗಾಗಿ ನನ್ನ ಪಕ್ಷ ಇದು. ನರ್ಸಿಂಗ್ ಹೋಮ್ ಇರಲಿ. ಆದರೆ ಅದರ ಎದುರಿಗೆ ಸರ್ಕಾರದ್ದೊಂದು ಗಟ್ಟಿಯಾಗಿ ನಿಂತಿರಬೇಕು. "ಅಲ್ಲಿಗೇ ಹೋಗ್ತೀನಿ ಬಿಡಿ" ಅಂತ ರೋಗಿ ಹೇಳುವ ಹಾಗಿದ್ದರೆ ಇಲ್ಲಿ ಬಿಲ್ ತಾನಾಗೇ ಇಳಿಯುತ್ತದೆ. ಈಗ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ, ಹೃದಯಾಘಾತ ಅಂತಾದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಹೊರಗೆ ಅದಕ್ಕೆ ಸಾವಿರಗಟ್ಟಲೆ. ನಮ್ಮ ಭಾವನ ಕಾಲಕ್ಕೆ ಇದು ಇದ್ದಿದ್ದರೆ ತಂಗಿಯ ಬಳೆ ಅಷ್ಟು ಬೇಗ ಬಿಚ್ಚುತ್ತಿರಲಿಲ್ಲವೇನೋ.

ಪ್ರತಿ ಆರೋಗ್ಯ ಕೇಂದ್ರಕ್ಕೂ ಆರೋಗ್ಯ ರಕ್ಷಾ ಸಮಿತಿ ಅಂತ ಒಂದಿದೆ, ಅದರಲ್ಲಿ ಊರಿನವರೂ ಇರುತ್ತಾರೆ. ನಿಮ್ಮೂರಿನದರಲ್ಲಿ ಯಾರಿದ್ದಾರೆ, ಕೊನೆಯ ಸಲ ಯಾವಾಗ ಸಭೆ ಸೇರಿದ್ದರು ವಿಚಾರಿಸಿ. ಹಾಗೇ ತಾಲ್ಲೂಕು ಆಸ್ಪತ್ರೆಯಲ್ಲಿ ಪೇಪರ್ ರೋಲ್ ಇದೆಯಾ ಅಂತಲೂ ಕೇಳಿ. ಟೀ ಬಂದಿದೆ. ಆ ಕಣ್ಣಿನ ಆಪರೇಷನ್ ಹುಡುಗ ಕೈ ಎತ್ತುತ್ತಿದ್ದಾನೆ, ಕೇಳಪ್ಪ.