ಮೊದಲು ಕೋಟಿನ ಬೆಲೆ ಕೇಳೋಣ

ಸ್ನೇಹಿತರೇ,

ಬೆಳಗಿನ ಗೋಷ್ಠಿಯಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂತು. ‘ಸರ್, ಇದು ಯಾವುದರ ಸಂಕೇತ?’ ಕಥೆಯಲ್ಲಿ ಮಳೆ ಬಂದರೂ ಈ ಪ್ರಶ್ನೆ, ಯಾರೋ ಬಾಗಿಲು ತೆರೆದರೂ ಈ ಪ್ರಶ್ನೆ. ಪರೀಕ್ಷೆಗೆ ಓದಿ ಓದಿ ಬಂದ ಅಭ್ಯಾಸ ಇದು. ದೀಪ ಅಂದರೆ ಜ್ಞಾನ, ನದಿ ಅಂದರೆ ಬದುಕು ಅಂತ ಬಾಯಿಪಾಠ ಮಾಡಿಬಿಟ್ಟರೆ ಆಮೇಲೆ ಕಥೆ ಓದುವ ಅಗತ್ಯವೇ ಇರುವುದಿಲ್ಲ, ಅಲ್ವಾ? ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಅದಕ್ಕೇ ಇವತ್ತು ಸಿದ್ಧಾಂತ ಬದಿಗಿಟ್ಟು ಒಂದು ಕೋಟಿನ ಬಗ್ಗೆ ಮಾತಾಡುತ್ತೇನೆ.

ರಷ್ಯಾದ ಲೇಖಕ ಗೊಗೊಲ್‌ನ ‘ಓವರ್‌ಕೋಟು’. 1842ರಲ್ಲಿ ಅಚ್ಚಾದ ಕಥೆ. ನೀವೆಲ್ಲ ಓದಿದ್ದೀರಿ. ಪೀಟರ್ಸ್‌ಬರ್ಗಿನ ಕಚೇರಿಯಲ್ಲಿ ಕಾಗದಪತ್ರ ನಕಲು ಮಾಡುವ ಗುಮಾಸ್ತ ಅಕಾಕಿ, ಅವನ ಹರಿದ ಕೋಟು, ಆಮೇಲೆ ಹೊಸ ಕೋಟು. ಅದು ಯಾವುದರ ಸಂಕೇತ ಅಂದರೆ ಈಗಲೇ ಉತ್ತರ ಬರುತ್ತೆ: ಘನತೆ, ಅಂತಸ್ತು, ಆಸೆ. ತಪ್ಪೇನಲ್ಲ. ಆದರೆ ನಾನು ಮೊದಲು ಕೇಳುವುದು ಬೇರೆ. ಕೋಟಿಗೆ ಎಷ್ಟಾಯಿತು?

80 ರೂಬಲ್. ಅಕಾಕಿಯ ಸಂಬಳ ವರ್ಷಕ್ಕೆ 400. ಪೀಟರ್ಸ್‌ಬರ್ಗಿನ ಚಳಿಯನ್ನು ಕೂಡ ಗೊಗೊಲ್ ಸಂಬಳದ ಲೆಕ್ಕದಲ್ಲೇ ಹೇಳುತ್ತಾನೆ: ವರ್ಷಕ್ಕೆ 400 ರೂಬಲ್ ಪಡೆಯುವವರಿಗೆಲ್ಲ ಅದು ದೊಡ್ಡ ಶತ್ರು. ಅಕಾಕಿ ಖರ್ಚು ಮಾಡಿದ ಪ್ರತಿ ರೂಬಲ್‌ಗೂ ಒಂದು ಚಿಲ್ಲರೆ ಕಾಸು ಪೆಟ್ಟಿಗೆಗೆ ಹಾಕುತ್ತಿದ್ದ. ವರ್ಷಗಟ್ಟಲೆ ಹಾಗೆ ಸೇರಿದ್ದು 40. ಇನ್ನು 40 ಎಲ್ಲಿಂದ? ಸಂಜೆಯ ಚಹಾ ಬಿಟ್ಟ. ಮೇಣದಬತ್ತಿ ಹಚ್ಚುವುದು ಬಿಟ್ಟ. ಬೂಟಿನ ಅಟ್ಟೆ ಸವೆಯಬಾರದು ಅಂತ ಬೀದಿಯ ಕಲ್ಲಿನ ಮೇಲೆ ತುದಿಗಾಲಲ್ಲಿ ನಡೆದ. ಹಸಿವು ಅಭ್ಯಾಸವಾಯಿತು. ಆಗ ಗೊಗೊಲ್ ಒಂದು ಮಾತು ಹೇಳುತ್ತಾನೆ: ಇವನಿಗೆ ಮದುವೆಯಾದ ಹಾಗಿತ್ತು, ಬಾಳಸಂಗಾತಿ ಸಿಕ್ಕ ಹಾಗಿತ್ತು. ಆ ಸಂಗಾತಿ ಕೋಟು!

ಈ ಮಾತನ್ನು ನಾವು ಯಾಕೆ ನಂಬುತ್ತೇವೆ? ಬಿಟ್ಟ ಚಹಾ ಕಣ್ಣೆದುರಿಗೆ ಇರುವುದರಿಂದ. ಅದಕ್ಕೇ ಹೇಳುತ್ತೇನೆ, ಅರ್ಥ ಹುಡುಕುವ ಮೊದಲು ಬೆಲೆ ಕೇಳಿ. ಕಾಲರಿಗೆ ಮಾರ್ಟೆನ್ ಅನ್ನುವ ಕಾಡುಪ್ರಾಣಿಯ ತುಪ್ಪಳ ಬೇಕಿತ್ತು, ದುಬಾರಿಯಾಯಿತು. ಬೆಕ್ಕಿನ ತುಪ್ಪಳ ತಂದರು. ಅಂಗಡಿಯಲ್ಲಿದ್ದ ಒಳ್ಳೆಯ ಬೆಕ್ಕು, ದೂರದಿಂದ ನೋಡಿದರೆ ಮಾರ್ಟೆನ್ ಅಂತಲೇ ಅನ್ನಬೇಕು. ನನಗೆ ಇಲ್ಲಿ ಪ್ರತಿ ಸಲ ನಗು ಬರುತ್ತೆ, ಹಿಂದೆಯೇ ಗಂಟಲು ಕಟ್ಟುತ್ತೆ.

ಈಗ ನನ್ನ ಮೆಚ್ಚಿನ ಜಾಗ. ದರ್ಜಿ ಪೆಟ್ರೋವಿಚ್‌ನ ನಶ್ಯದ ಡಬ್ಬಿ. ಅದರ ಮುಚ್ಚಳದ ಮೇಲೆ ಯಾರೋ ಜನರಲ್‌ನ ಚಿತ್ರ. ಯಾವ ಜನರಲ್ ಅಂತ ಗೊತ್ತಿಲ್ಲ, ಯಾಕಂದರೆ ಮುಖದ ಜಾಗ ಬೆರಳು ತಾಗಿ ತೂತಾಗಿದೆ, ಅಲ್ಲಿಗೆ ಚೌಕದ ಕಾಗದ ಅಂಟಿಸಿದ್ದಾರೆ. ‘ಹೊಸ ಕೋಟೇ ಆಗಬೇಕು’ ಅಂತ ದರ್ಜಿ ಹೇಳಿದಾಗ ಅಕಾಕಿಗೆ ಕಣ್ಣು ಕತ್ತಲೆ ಬರುತ್ತೆ. ಕೋಣೆಯಲ್ಲಿ ಅವನಿಗೆ ಸರಿಯಾಗಿ ಕಾಣುವುದು ಈ ಮುಖವಿಲ್ಲದ ಜನರಲ್ ಒಬ್ಬನೇ. ಓದುವಾಗ ಸುಮ್ನೆ ಒಂದು ತಮಾಷೆ ಅಂದುಕೊಂಡು ಮುಂದೆ ಹೋಗುತ್ತೇವೆ.

ಹತ್ತಾರು ಪುಟ ದಾಟಲಿ. ಕೋಟು ಕಳುವಾಗಿದೆ. ಅಕಾಕಿ ಒಬ್ಬ ‘ಗಣ್ಯ ವ್ಯಕ್ತಿ’ಯ ಹತ್ತಿರ ದೂರು ತರುತ್ತಾನೆ. ಇತ್ತೀಚೆಗೆ ಜನರಲ್ ಹುದ್ದೆ ಸಿಕ್ಕವನು. ಗೊಗೊಲ್ ಅವನ ಹೆಸರು ಹೇಳುವುದಿಲ್ಲ. ‘ಯಾರ ಹತ್ತಿರ ಮಾತಾಡುತ್ತಿದ್ದೀಯ ಗೊತ್ತಾ?’ ಅಂತ ಅವನು ಗದರುತ್ತಾನೆ. ನಮಗೆ ಗೊತ್ತು! ಡಬ್ಬಿಯ ಮೇಲೆ ಆಗಲೇ ನೋಡಿದ್ದೆವು. ಅಲ್ಲಿ ಮುಖವಿಲ್ಲ, ಇಲ್ಲಿ ಹೆಸರಿಲ್ಲ, ಎರಡು ಕಡೆಯೂ ಇರುವುದು ಹುದ್ದೆ ಮಾತ್ರ. ಯಾವ ಗೈಡೂ ಇದನ್ನು ಮೊದಲೇ ಹೇಳಿಕೊಡಲಾರದು. ನಶ್ಯದ ಡಬ್ಬಿ ಲೋಕದಲ್ಲಿ ಯಾವುದರ ಸಂಕೇತವೂ ಅಲ್ಲ. ಈ ಕಥೆಯ ಒಳಗೆ, ಈ ಎರಡು ಕೋಣೆಗಳ ನಡುವೆ ಮಾತ್ರ ಅದಕ್ಕೆ ಅರ್ಥ ಬಂತು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಅಕಾಕಿ ಸತ್ತು ಭೂತವಾಗಿ ಆ ಗಣ್ಯನ ಕೋಟನ್ನೇ ಕಿತ್ತುಕೊಳ್ಳುವ ಭಾಗಕ್ಕೆ ಸಮಯವಿಲ್ಲ. ಒಂದು ಮಾತು ಹೇಳಿ ಮುಗಿಸುತ್ತೇನೆ: ಭೂತ ದುಡ್ಡು ಕೇಳುವುದಿಲ್ಲ, ಕ್ಷಮೆ ಕೇಳುವುದಿಲ್ಲ, ಕೋಟನ್ನೇ ಕೇಳುತ್ತೆ. ಸಂಕೇತ ಅಂದುಕೊಂಡು ಕೋಟನ್ನು ಮರೆಯುವವರು ಇದನ್ನು ಗಮನಿಸಬೇಕು.

ನಮ್ಮ ಕಥೆಗಳ ಬಗ್ಗೆ ಬರೆದುಕೊಂಡಿದ್ದ ಟಿಪ್ಪಣಿ ಹಾಗೇ ಉಳಿಯಿತು. ಮಾಸ್ತಿಯವರ ಮೊಸರಿನ ಮಂಗಮ್ಮನ ಹೆಸರನ್ನಾದರೂ ಹೇಳಲೇಬೇಕು. ಮಗ ಸೊಸೆಯಿಂದ ಬೇರೆಯಾದ ಮೇಲೆ ಅವಳು ಒಂದು ಮಖಮಲ್ ರವಿಕೆ ಹೊಲಿಸಿಕೊಳ್ಳುತ್ತಾಳೆ. ಮಧ್ಯಾಹ್ನದ ಗುಂಪು ಚರ್ಚೆಯಲ್ಲಿ ಆ ರವಿಕೆಯನ್ನು ಎತ್ತಿಕೊಳ್ಳಿ. ಅದು ಯಾವುದರ ಸಂಕೇತ ಅಂತ ಬರೆಯಬೇಡಿ. ಅಷ್ಟು ದಿನ ಮೊಸರು ಮಾರಿದ ದುಡ್ಡು ಯಾರಿಗೆ ಹೋಗುತ್ತಿತ್ತು, ರವಿಕೆ ಕಂಡು ಯಾರು ಏನಂದರು ಅಂತ ಕಥೆಯಿಂದಲೇ ಹುಡುಕಿ ಬರೆಯಿರಿ. ನಾಲ್ಕು ಗಂಟೆಗೆ ಕೂತು ಒಟ್ಟಿಗೆ ಓದೋಣ.