ಅಂಗಡಿಯ ಬಾಗಿಲಲ್ಲಿ ಕೇಳಿದ ಮಾತು

ಕೇಳುಗರೇ, ನಮಸ್ಕಾರ.

ಹೋದ ಆಷಾಢದ ಒಂದು ಶನಿವಾರ, ಧಾರವಾಡದ ನಮ್ಮ ಮನೆಯಲ್ಲಿ ಹನ್ನೊಂದು ಮಂದಿ ಕೂತು ಒಂದು ಹೆದರಿಕೆಯ ಸಿನಿಮಾ ನೋಡಿದೆವು. ಗೋಡೆಗೆ ಬಿಳಿ ಧೋತರ ಕಟ್ಟಿ, ಅಳಿಯ ತಂದಿದ್ದ ಪ್ರೊಜೆಕ್ಟರ್ ಹಚ್ಚಿದ್ದೆವು. ಹೊರಗೆ ಜಿಟಿಜಿಟಿ ಮಳೆ. ತಾಟಿನಲ್ಲಿ ಗಿರ್ಮಿಟ್, ಬಿಸಿ ಮಿರ್ಚಿ. ಸಿನಿಮಾ ಎರಡು ತಾಸಿಗೆ ಮುಗಿಯಿತು. ಅದರ ಮೇಲಿನ ವಾದ ಮಾತ್ರ ನಮ್ಮ ಓಣಿಯಲ್ಲಿ ಒಂದು ವಾರ ನಡೆಯಿತು. ಆ ವಾದವನ್ನೇ ಇವತ್ತು ನಿಮಗೆ ಹೇಳಬೇಕು ಅಂತ ಬಂದಿದ್ದೇನೆ.

ಸಿನಿಮಾದ ಹೆಸರು 'ದಿ ಮಿಸ್ಟ್', ಅಂದರೆ ಮಂಜು. 2007ರಲ್ಲಿ ಬಂದದ್ದು. 1980ರಲ್ಲಿ ಪ್ರಕಟವಾದ ಸ್ಟೀಫನ್ ಕಿಂಗ್ ಅವರ ಕಥೆಯನ್ನು ಫ್ರಾಂಕ್ ಡರಬಾಂಟ್ ತೆರೆಗೆ ತಂದಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ಇದರ ಕೊನೆಯನ್ನು ಮುಚ್ಚಿಟ್ಟು ಮಾತಾಡೋಕೆ ನನ್ನಿಂದ ಆಗೋದಿಲ್ಲ. ಜಗಳ ಹುಟ್ಟಿದ್ದೇ ಅಲ್ಲಿ.

ಅಮೆರಿಕದ ಮೇನ್ ರಾಜ್ಯದ ಒಂದು ಸಣ್ಣ ಊರು. ರಾತ್ರಿ ಬಿರುಗಾಳಿ ಬೀಸಿದೆ. ಮರುದಿನ ಬೆಳಗ್ಗೆ ಜನ ಸಾಮಾನು ತರೋಕೆ ದೊಡ್ಡ ಅಂಗಡಿಗೆ ಬಂದಿದ್ದಾರೆ. ಒಬ್ಬ ಅಪ್ಪ ಸಣ್ಣ ಮಗನ ಕೈ ಹಿಡಿದು ಬಂದಿದ್ದಾನೆ. ಅಷ್ಟರಲ್ಲಿ ಒಬ್ಬ ಮುದುಕ ಓಡಿ ಬರುತ್ತಾನೆ, ಮೂಗಿನಿಂದ ರಕ್ತ. ಮಂಜಿನಲ್ಲಿ ಏನೋ ಇದೆ, ಬಾಗಿಲು ಹಾಕಿ ಅಂತ ಕೂಗುತ್ತಾನೆ. ಹಾಕುತ್ತಾರೆ. ಮಂಜು ಬಂದು ಗಾಜಿಗೆ ಒತ್ತಿಕೊಳ್ಳುತ್ತದೆ. ಇನ್ನು ಒಳಗಿದ್ದವರು ಒಳಗೇ.

ನಮ್ಮ ಓಣಿಯ ಕಿರಾಣಿ ಅಂಗಡಿ ಕಾಕಾ ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರಿಗೆ ಇಂಗ್ಲಿಷ್ ಅಷ್ಟು ತಿಳಿಯೋದಿಲ್ಲ. ಆದರೆ ನಮ್ಮೆಲ್ಲರಿಗಿಂತ ಚೆನ್ನಾಗಿ ಆ ಅಂಗಡಿಯನ್ನು ನೋಡಿದವರು ಅವರೇ. ಜನ ನಾಯಿ ಆಹಾರದ ಚೀಲಗಳನ್ನು ತಂದು ಗಾಜಿಗೆ ಒಟ್ಟುತ್ತಾರಲ್ಲ, ಅಲ್ಲೇ ಅವರು ಬಾಯಿ ಬಿಟ್ಟರು. "ನಮ್ಮ ಅಂಗಡಿಗೆ ಶೆಟರ್ ಅದ. ಇವರದು ಎಲ್ಲಾ ಗಾಜು. ಚೀಲ ಎಷ್ಟೊತ್ತು ತಡೀತಾವ?"

ಆಮೇಲೆ ಹಿಂದಿನ ಗೋದಾಮಿನ ದೃಶ್ಯ ಬಂತು. ಜನರೇಟರಿನ ಹೊಗೆ ಹೋಗುವ ಕೊಳವೆ ಕಟ್ಟಿಕೊಂಡಿದೆ. ಅದನ್ನು ಬಿಡಿಸಲು ಅಂಗಡಿಯ ಕೆಲಸದ ಹುಡುಗ ನಾನೇ ಹೋಗುತ್ತೇನೆ ಅನ್ನುತ್ತಾನೆ. ಗಿರಾಕಿಗಳ ಸಾಮಾನು ಚೀಲಕ್ಕೆ ತುಂಬಿ ಕೊಡುವ ಹುಡುಗ ಅವನು. ಹೊರಗೆ ಏನೋ ಸಪ್ಪಳ ಕೇಳಿದೆ, ಬೇಡ ಅಂತ ಆ ಅಪ್ಪ ಅಂಗಲಾಚುತ್ತಾನೆ. ಉಳಿದ ಗಂಡಸರಿಗೆ ಅದೇ ಅವಮಾನ. ಹೆದರುಪುಕ್ಕಲ ಅಂತ ಅವನನ್ನೇ ಹಂಗಿಸಿ ಶಟರ್ ಎತ್ತುತ್ತಾರೆ. ಕೆಳಗಿನ ಸಂದಿಯಿಂದ ಆಕ್ಟೋಪಸ್ಸಿನ ಕೈಯಂಥ ಉದ್ದನೆಯ ತೋಳುಗಳು ಬಂದು ಹುಡುಗನನ್ನು ಎಳೆದುಕೊಂಡು ಹೋಗುತ್ತವೆ. ಎಲ್ಲರೂ ಕಿರುಚಿದೆವು. ಕಾಕಾ ಕಿರುಚಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು. "ದೊಡ್ಡವ್ರು ಹಟ ಹಿಡದು ಸಣ್ಣ ಹುಡುಗನ್ನ ಕಳಿಸಿದ್ರಲ್ಲೋ" ಅಂದರು. ಅವರ ಅಂಗಡಿಯಲ್ಲೂ ಅದೇ ವಯಸ್ಸಿನ ಹುಡುಗ ಒಬ್ಬನಿದ್ದಾನೆ. ಮರುದಿನ ನಾನು ಸಕ್ಕರೆ ತರಲು ಹೋದಾಗ ಅವನನ್ನು ಏಣಿಯಿಂದ ಇಳಿಸಿ, ಮೇಲಿನ ಡಬ್ಬಿಯನ್ನು ಕಾಕಾ ತಾವೇ ಇಳಿಸುತ್ತಿದ್ದರು.

ಕಾಲೇಜಿನ ಹುಡುಗರ ದೂರು ಬೇರೆ. ಪ್ರಾಣಿಗಳು ಗ್ರಾಫಿಕ್ಸ್ ಅಂತ ಗೊತ್ತಾಗುತ್ತೆ ಅಂದರು. ನಿಜ, ಕೆಲವು ಕಡೆ ಗೊತ್ತಾಗುತ್ತದೆ. ಇದರ ಕಪ್ಪು ಬಿಳುಪಿನ ಪ್ರತಿಯೂ ಡಿವಿಡಿಯಲ್ಲಿ ಬಂದಿದೆ. ನಿರ್ದೇಶಕರಿಗೆ ಇಷ್ಟವಾದದ್ದೂ ಅದೇ. ಅದರಲ್ಲಿ ಆ ಕೊರತೆ ಕಣ್ಣಿಗೆ ಅಷ್ಟು ಹೊಡೆಯೋದಿಲ್ಲ. ಆದರೆ ನನ್ನ ಮೈ ನಡುಗಿಸಿದ್ದು ಪ್ರಾಣಿ ಕಾಣದ ದೃಶ್ಯ. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮಂಜಿನೊಳಗೆ ಹೋಗುತ್ತಾನೆ. ಒಳಗಿನವರು ಹಗ್ಗ ಬಿಡುತ್ತಿದ್ದಾರೆ. ಹಗ್ಗ ಸುಮ್ನೆ ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಹೋಗುತ್ತದೆ. ಒಮ್ಮೆಗೇ ರಭಸದಿಂದ ಓಡುತ್ತದೆ, ಹಿಡಿದವರ ಅಂಗೈ ಸುಲಿಯುವ ಹಾಗೆ. ಆಮೇಲೆ ಮೇಲಕ್ಕೇಳುತ್ತದೆ. ಮನುಷ್ಯ ನೆಲದ ಮೇಲೆ ಹೋಗಿದ್ದಾನೆ, ಹಗ್ಗ ಆಕಾಶಕ್ಕೆ ಹೋಗುತ್ತಿದೆ! ಎಳೆದುಕೊಂಡಾಗ ಬರುವುದು ಅರ್ಧ ದೇಹ. ಏನು ಹಿಡಿಯಿತು ಅಂತ ತೋರಿಸುವುದೇ ಇಲ್ಲ. ಹೆದರಿಸೋದು ಅಂದರೆ ಇದು.

ಅಂಗಡಿಯೊಳಗೆ ಒಬ್ಬ ಹೆಂಗಸು ದೇವರ ಹೆಸರು ಹೇಳುತ್ತಾ ಜನರನ್ನು ತನ್ನ ಕಡೆ ಎಳೆಯುತ್ತಾಳೆ, ಕೊನೆಗೆ ಬಲಿ ಕೇಳುತ್ತಾಳೆ. ಜನ ಕೊಡುತ್ತಾರೆ ಕೂಡ. ಅವಳ ಬಗ್ಗೆ ನಮ್ಮಲ್ಲಿ ಎರಡು ಮಾತಿರಲಿಲ್ಲ, ಹಾಗಾಗಿ ಮುಂದೆ ಹೋಗುತ್ತೇನೆ.

ಈಗ ಕೊನೆ. ಅಪ್ಪ, ಮಗ, ಇನ್ನೂ ಮೂವರು ಹೇಗೋ ಕಾರು ಹತ್ತಿ ಪಾರಾಗುತ್ತಾರೆ. ಮಂಜು ಮಾತ್ರ ಮುಗಿಯೋದೇ ಇಲ್ಲ. ಪೆಟ್ರೋಲ್ ಮುಗಿಯುತ್ತದೆ. ಸುತ್ತಲೂ ಆ ಪ್ರಾಣಿಗಳ ಕೂಗು. ಪಿಸ್ತೂಲಿನಲ್ಲಿ ನಾಲ್ಕೇ ಗುಂಡು, ಕಾರಿನಲ್ಲಿ ಐದು ಜನ. ಅಪ್ಪ ನಾಲ್ವರಿಗೂ ಹೊಡೆಯುತ್ತಾನೆ, ತನ್ನ ಮಗನಿಗೂ. ಆಮೇಲೆ ತನ್ನನ್ನೂ ತಿಂದುಬಿಡಲಿ ಅಂತ ಇಳಿದು ನಿಲ್ಲುತ್ತಾನೆ. ಮಂಜಿನೊಳಗಿಂದ ಬಂದದ್ದು ಸೈನ್ಯದ ಟ್ಯಾಂಕು. ಮಂಜು ಕರಗುತ್ತಿದೆ. ಕೆಲವೇ ನಿಮಿಷ ತಡೆದಿದ್ದರೆ ಎಲ್ಲರೂ ಉಳಿಯುತ್ತಿದ್ದರು.

ದೀಪ ಹಾಕಿದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೊದಲು ಸಿಟ್ಟಾದವನು ಡಿಗ್ರಿ ಓದುವ ಹುಡುಗ. ಇದು ಮೋಸ, ನೋಡುವವರ ಎದೆಗೆ ಒದ್ದ ಹಾಗೆ ಅಂದ. ನರ್ಸ್ ಕೆಲಸ ಮಾಡುವ ನಮ್ಮ ಅಕ್ಕ ಒಪ್ಪಲಿಲ್ಲ. ಮಗ ಮೊದಲೇ ಕೇಳಿಕೊಂಡಿದ್ದ, ಅವು ನನ್ನನ್ನು ಹಿಡಿಯದ ಹಾಗೆ ನೋಡ್ಕೋತೀನಿ ಅಂತ ಮಾತು ಕೊಡು ಅಂತ. "ಅವ ಮಗಗ ಕೊಟ್ಟ ಮಾತ ಉಳಿಸಿದ. ಹೊರಗ ಕೂತು ತಪ್ಪು ಅನ್ನೂದು ಭಾಳ ಸರಳ ಐತಿ" ಅಂದಳು.

ಕಿಂಗ್ ಬರೆದ ಕಥೆಯಲ್ಲಿ ಈ ಕೊನೆ ಇಲ್ಲ. ಅಲ್ಲಿ ಅವರು ಮಂಜಿನಲ್ಲೇ ದಾರಿ ಹುಡುಕುತ್ತಾ ಹೋಗುತ್ತಿರುತ್ತಾರೆ. ಒಂದು ರಾತ್ರಿ ಅಪ್ಪ ರೇಡಿಯೋ ತಿರುಗಿಸುತ್ತಾ ಕೂತಾಗ ಗೊರಗೊರ ಸಪ್ಪಳದ ನಡುವೆ ಒಂದು ಊರಿನ ಹೆಸರು ಕೇಳಿದಂತಾಗುತ್ತದೆ. ಒಂದೇ ಒಂದು ಶಬ್ದ. ಅಷ್ಟು ಹಿಡಿದುಕೊಂಡೇ ಮುಂದೆ ಹೋಗಬೇಕು ಅನ್ನುತ್ತಾನೆ. ರೇಡಿಯೋದಲ್ಲಿ ಕೂತು ಮಾತಾಡುವ ನನಗೆ ಆ ಸಾಲುಗಳು ತುಂಬಾ ಹತ್ತಿರ. ಸಿನಿಮಾದ ಕೊನೆ ನನಗೂ ಇಷ್ಟ ಅಂತ ಕಿಂಗ್ ಹೇಳಿದ್ದಾರೆ. ನನ್ನ ಮನಸ್ಸು ಇನ್ನೂ ಆ ರೇಡಿಯೋ ಕಡೆಗೇ ಇದೆ.

ಅದಕ್ಕೆ ಕಾರಣ ಧಾರವಾಡದಲ್ಲೇ ಇದೆ. ನಿಮಗೆ ನೆನಪಿರಬೇಕು. 2019ರ ಮಾರ್ಚ್ 19ರ ಮಧ್ಯಾಹ್ನ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿಯಿತು. 19 ಜನ ತೀರಿಕೊಂಡರು. ಕಾಕಾ ಆ ದಿನಗಳಲ್ಲಿ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದರು. ಎರಡನೇ ದಿನ ದಾಟಿದ ಮೇಲೆ ಜೊತೆಗಿದ್ದವರು, ಇನ್ನೇನು ಉಳಿದಿರುತ್ತೆ ಅಂತ ಮನೆಗೆ ಹೋದರಂತೆ. ಆದರೆ 22ರಂದು, ಅಂದರೆ ನಾಲ್ಕನೇ ದಿನ, ಅವಶೇಷದ ಅಡಿಯಿಂದ ಮನುಷ್ಯರು ಜೀವಂತ ಹೊರಗೆ ಬಂದರು. ಈ ಊರಲ್ಲಿ ಅದನ್ನು ಕಂಡವರು, ಟಿವಿಯಲ್ಲಿ ನೋಡಿ ಕೈ ಮುಗಿದವರು, ಆ ಕಾರಿನ ದೃಶ್ಯವನ್ನು ಸುಮ್ನೆ ಒಂದು ಕಥೆ ಅಂತ ನೋಡೋದು ಕಷ್ಟ. ಇನ್ನೊಂದಿಷ್ಟು ತಡಿಯೋ ಅಂತ ಧೋತರದ ಕಡೆ ಕೈ ಮಾಡಿ ಕೂಗಬೇಕು ಅನ್ನಿಸುತ್ತದೆ. ಕಾಕಾ ಕೂಗಿಯೂ ಇದ್ದರು.

ಇಷ್ಟೆಲ್ಲ ಆದರೂ ಕಾಕು ಒಂದು ಮಾತೂ ಆಡಿರಲಿಲ್ಲ. ಕಾಕಾನ ಹೆಂಡತಿ. ಕೊನೆಗೆ ಚಪ್ಪಲಿ ಮೆಟ್ಟುತ್ತಾ ಹೇಳಿದರು. "ಕಾರಿನ್ಯಾಗ ಏನ್ ತಪ್ಪಾತು ಅಂತ ಬಡಿದಾಡಾಕತ್ತೀರಿ. ತಪ್ಪಿದ್ದು ಅಂಗಡಿ ಬಾಗಲದಾಗ."

ಅವರು ಹೇಳಿದ್ದು ಶುರುವಿನ ಒಂದು ಸಣ್ಣ ದೃಶ್ಯ. ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೆ ಒಬ್ಬ ತಾಯಿ ಎದ್ದು ನಿಲ್ಲುತ್ತಾಳೆ. ಮನೆಯಲ್ಲಿ ಎಂಟು ವರ್ಷದ ಮಗಳು, ಅವಳ ಪುಟ್ಟ ತಮ್ಮ, ಇಬ್ಬರೇ. ಈಗ ಬಂದೆ ಅಂತ ಹೇಳಿ ಬಂದಿದ್ದಾಳೆ. ಯಾರಾದರೂ ನನ್ನ ಮನೆತನಕ ಬರುತ್ತೀರಾ ಅಂತ ಒಬ್ಬೊಬ್ಬರ ಮುಖ ನೋಡಿ ಕೇಳುತ್ತಾಳೆ. ಆ ಅಪ್ಪನನ್ನೂ ಕೇಳುತ್ತಾಳೆ. ನನಗೂ ಮಗ ಇದ್ದಾನೆ ಅನ್ನುತ್ತಾನೆ. ಎಲ್ಲರೂ ತಲೆ ತಗ್ಗಿಸುತ್ತಾರೆ. ಅವಳು ಒಬ್ಬಳೇ ಬಾಗಿಲು ತೆಗೆದು ಮಂಜಿನೊಳಗೆ ಹೋಗುತ್ತಾಳೆ. ಅವಳು ಸತ್ತೇ ಹೋದಳು ಅಂತ ನಾವೆಲ್ಲ ಅಂದುಕೊಂಡು, ಗಿರ್ಮಿಟ್ ತಿನ್ನುತ್ತಾ ಅವಳನ್ನು ಮರೆತಿದ್ದೆವು. ಕೊನೆಯಲ್ಲಿ ಸೈನ್ಯದ ಲಾರಿ ಹೋಗುವಾಗ, ಅದರಲ್ಲಿ ಆ ತಾಯಿ ಇದ್ದಾಳೆ. ನಮ್ಮಲ್ಲಿ ಅರ್ಧ ಜನ ಅವಳ ಗುರುತು ಹಿಡಿದಿರಲೇ ಇಲ್ಲ. ಕಾಕು ಎರಡು ತಾಸು ಅವಳ ದಾರಿಯನ್ನೇ ಕಾಯುತ್ತಿದ್ದರಂತೆ.

ನಾಲ್ಕು ದಿನ ಬಿಟ್ಟು ನಮ್ಮ ತಾಟು ವಾಪಸು ಕೊಡಲು ಬಂದವರು, ಅದೊಂದು ಜಾಗ ಮತ್ತೊಮ್ಮೆ ತೋರಿಸು ಅಂದರು. ಧೋತರ ಇನ್ನೂ ಗೋಡೆಯ ಮೇಲೇ ಇತ್ತು. ಲಾರಿ ಬಂದಾಗ ನಿಲ್ಲಿಸಿದೆ. ಕಾಕು ಗೋಡೆಯ ಹತ್ತಿರ ಹೋದರು, ಕನ್ನಡಕ ಸರಿ ಮಾಡಿಕೊಂಡರು, ಆ ತಾಯಿಯ ಜೊತೆಗಿದ್ದ ಮಕ್ಕಳ ಮೇಲೆ ಒಂದೊಂದಾಗಿ ಬೆರಳಿಟ್ಟರು. "ಎರಡೂ ಅದಾವ" ಅಂದರು.

ನಮಸ್ಕಾರ.